ಸಹಿಷ್ಣುತೆಯಲ್ಲಿ ‘ಇಷ್ಟ’ ಇಲ್ಲ

ಕ್ರೈಸ್ತರೂ ದೇವರನ್ನು ನಂಬದವರೂ ಒಂದೇ ವೇದಿಕೆಯಲ್ಲಿ ಕುಳಿತಿದ್ದ ಸಭೆಯೊಂದರಲ್ಲಿ ಭಾಷಣಕಾರರೊಬ್ಬರು ‘ಸಹಿಷ್ಣುತೆ’ ಎಂಬ ಪದವನ್ನು ಬಿಡಿಸಿ ತೋರಿಸಿದರು. ‘ಸಹ’ ಎಂದರೆ ಜೊತೆಗೆ, ‘ಇಷ್ಟ’ ಎಂದರೆ ಪ್ರೀತಿ. ಜೊತೆಗಿದ್ದು ಒಬ್ಬರನ್ನೊಬ್ಬರು ಇಷ್ಟಪಡುವುದೇ ‘ಸಹಿಷ್ಟುತೆ’ ಎಂದರು. ಚಪ್ಪಾಳೆ ಬಿತ್ತು. ಅವರ ಬೆನ್ನ ಹಿಂದಿನ ಬ್ಯಾನರಿನಲ್ಲೂ ಣಕಾರದ ಒತ್ತು ಇರಬೇಕಾದಲ್ಲಿ ಟಕಾರದ ಒತ್ತು ಕುಳಿತಿತ್ತು. ಕಾಗುಣಿತದ ತಪ್ಪು ತಾನೇ ಎಂದು ಇಷ್ಟು ವರ್ಷ ಸಹಿಸಿಕೊಂಡು ಬಂದಿದ್ದೆ. ಅಂದು ಆ ತಪ್ಪು ಅರ್ಥವನ್ನೇ ನುಂಗಿ ಹಾಕಿತು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಸಂಸ್ಕೃತದಲ್ಲಿ ಎರಡು ‘ಸಹ’ಗಳಿವೆ. ಸಹಪಾಠಿ, ಸಹವಾಸ, ಸಹಮತಗಳಲ್ಲಿ ಇರುವುದು ‘ಜೊತೆಗೆ’ ಎಂಬ ಅರ್ಥದ ಅವ್ಯಯ. ಸಹನೆ, ದುಸ್ಸಹ, ಅಸಹ್ಯಗಳಲ್ಲಿ ಇರುವುದು ‘ತಾಳು’ ಎಂಬ ಅರ್ಥದ ‘ಸಹ್’ ಧಾತು. ಸಹಿಷ್ಣುತೆ ಈ ಎರಡನೆಯ ಮನೆಯದು. ಉಳಿದ ‘ಇಷ್ಣು’ ಒಂದು ಪ್ರತ್ಯಯ. ಅದನ್ನೇ ಸ್ವಭಾವವಾಗಿ ಉಳ್ಳವನು ಎಂದು ಅರ್ಥ. ಪಾಣಿನಿ ಈ ಪ್ರತ್ಯಯ ಹತ್ತುವ ಧಾತುಗಳ ಪಟ್ಟಿಯನ್ನೇ ಒಂದು ಸೂತ್ರದಲ್ಲಿ ಕೊಟ್ಟಿದ್ದಾನೆ. ಬೆಳೆಯುವ ಸ್ವಭಾವದವನು ವರ್ಧಿಷ್ಣು, ಅಲೆಯುವ ಸ್ವಭಾವದವನು ಚರಿಷ್ಣು, ತಾಳುವ ಸ್ವಭಾವದವನು ಸಹಿಷ್ಣು. ‘ಇಷ್ಟ’ ಎಂಬ ಪದಕ್ಕೂ ಇದಕ್ಕೂ ನಂಟಿಲ್ಲ. ತಾಳಲಾಗದ್ದು ಎಂಬ ಅರ್ಥದ ‘ಅಸಹ್ಯ’ ಕನ್ನಡಕ್ಕೆ ಬಂದು ಹೇಸಿಗೆಯಾಯಿತು ಎಂಬುದನ್ನು ನೆನೆದರೆ, ಸಹಿಸುವ ವಸ್ತು ಇಷ್ಟವಾದದ್ದಲ್ಲ ಎಂಬುದು ನಾಲಿಗೆಗಾದರೂ ಗೊತ್ತಾಗಬೇಕಿತ್ತು.

ಇನ್ನೂ ಹಿಂದಕ್ಕೆ ಹೋದರೆ ಸೊಗಸಾದ ಸಂಗತಿ ಸಿಗುತ್ತದೆ. ವೇದದ ಭಾಷೆಯಲ್ಲಿ ‘ಸಹ್’ ಎಂದರೆ ಮೇಲುಗೈ ಪಡೆ, ಗೆಲ್ಲು. ‘ಸಹಸ್’ ಎಂದರೆ ಬಲ. ಅಗ್ನಿಯನ್ನು ಬಲದ ಮಗ ಎಂಬ ಅರ್ಥದಲ್ಲಿ ‘ಸಹಸಃ ಸೂನು’ ಎಂದು ಕರೆದಿದ್ದಾರೆ. ನಮ್ಮ ‘ಸಾಹಸ’ ಅದೇ ಸಹಸ್ಸಿನ ಕುಡಿ. ಜರ್ಮನ್ ಭಾಷೆಯಲ್ಲಿ ಗೆಲುವಿಗಿರುವ ‘ಸೀಗ್’ ಎಂಬ ಪದವೂ ಇದರ ದಾಯಾದಿ. ಎದುರಾಳಿಯ ಏಟಿಗೆ ಕುಸಿಯದೆ ನಿಂತವನು ಗೆದ್ದವನೂ ಹೌದು, ತಾಳಿಕೊಂಡವನೂ ಹೌದು. ಬಲದ ಪದ ತಾಳ್ಮೆಯ ಪದವಾದದ್ದು ಹೀಗೆ. ಗ್ರೀಕಿನಲ್ಲೂ ಇದೇ ನಡೆಯಿತು. ಬೈಬಲ್ಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯ, ಒಬ್ಬರನ್ನೊಬ್ಬರು ಪ್ರೀತಿಯಿಂದ ಸೈರಿಸಿಕೊಳ್ಳಿ ಎನ್ನುತ್ತದೆ. ಅಲ್ಲಿರುವ ಕ್ರಿಯಾಪದ ‘ಅನೆಖೊಮಾಯ್’. ಅದರ ಒಳಗಿನ, ಹಿಡಿದುಕೊ ಎಂಬ ಅರ್ಥದ ‘ಎಖೋ’ ಮತ್ತು ಸಂಸ್ಕೃತದ ‘ಸಹ್’ ಒಂದೇ ಮೂಲದಿಂದ ಕವಲೊಡೆದವು. ಪ್ರೀತಿ ಬೇರೆ, ಸೈರಣೆ ಬೇರೆ ಎಂದು ಪತ್ರ ಬರೆದವರಿಗೆ ಗೊತ್ತಿತ್ತು. ಇಲ್ಲದಿದ್ದರೆ ಎರಡು ಪದ ಬಳಸುವ ಅಗತ್ಯವೇನಿತ್ತು?

ಆದ್ದರಿಂದ ಹೊರೆ ಇಲ್ಲದ ಕಡೆ ಸಹಿಷ್ಣುತೆಯ ಮಾತೇ ಹುಟ್ಟುವುದಿಲ್ಲ. ‘ನನಗೆ ಚರ್ಚೂ ಒಂದೇ, ನಾಸ್ತಿಕರ ಸಂಘವೂ ಒಂದೇ, ನಾನು ಬಹಳ ಸಹಿಷ್ಣು’ ಎನ್ನುವವರು ಉದಾಸೀನರು. ಆ ಪದದ ಮೂಲ ಅರ್ಥವೂ ಬೇರೆಯಾಗಿ ಕುಳಿತವನು ಎಂದೇ. ಕುಳಿತವನ ತಲೆಯ ಮೇಲೆ ಯಾವ ಹೊರೆಯೂ ಇಲ್ಲ. ಇಬ್ಬರನ್ನೂ ಸಮಾಧಾನಪಡಿಸಲು ‘ಕೊನೆಗೆ ಎಲ್ಲರೂ ಹೇಳುವುದು ಒಂದನ್ನೇ’ ಎಂಬ ಮಾತನ್ನು ಎಳೆದು ತರುವವರ ಮೇಲೆ ನನಗೆ ಇನ್ನೂ ಹೆಚ್ಚಿನ ಕೋಪ. ಯೇಸು ಸತ್ತು ಮೂರನೆಯ ದಿನ ಎದ್ದನೆಂದು ಒಬ್ಬಳು ನಂಬುತ್ತಾಳೆ, ಸತ್ತವರು ಏಳುವುದಿಲ್ಲವೆಂದು ಇನ್ನೊಬ್ಬ ನಂಬುತ್ತಾನೆ. ಇವರಿಬ್ಬರೂ ಹೇಳುತ್ತಿರುವುದು ಒಂದನ್ನೇ ಅಲ್ಲ ಎಂಬ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಪೂರ್ತಿ ಒಮ್ಮತವಿದೆ. ಅದನ್ನೂ ಅವರ ಕೈಯಿಂದ ಕಿತ್ತುಕೊಳ್ಳುವುದು ಯಾವ ಸೌಹಾರ್ದ?

ಪದದ ಒರಟುತನವನ್ನು ಚರಿತ್ರೆಯಲ್ಲಿ ನೋಡಬೇಕೆಂದರೆ 311ನೆಯ ಇಸವಿಗೆ ಹೋಗಬೇಕು. ರೋಮಿನ ಚಕ್ರವರ್ತಿ ಗಲೇರಿಯಸ್ ಕ್ರೈಸ್ತರನ್ನು ಕೊಲ್ಲಿಸಿ, ಚರ್ಚುಗಳನ್ನು ಕೆಡವಿಸಿ, ಕೊನೆಗೆ ಹಾಸಿಗೆ ಹಿಡಿದಾಗ ಒಂದು ಶಾಸನ ಹೊರಡಿಸಿದ. ಕ್ರೈಸ್ತರು ಪೂರ್ವಿಕರ ದಾರಿ ಬಿಟ್ಟ ಅವಿವೇಕಿಗಳು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಸಿ, ಆದರೂ ಅವರು ಮತ್ತೆ ಕ್ರೈಸ್ತರಾಗಿ ಬದುಕಲಿ, ತಮ್ಮ ಸಭೆಗಳನ್ನು ಕಟ್ಟಿಕೊಳ್ಳಲಿ ಎಂದ. ಒಪ್ಪಿಗೆಯಿಲ್ಲ, ಇಷ್ಟವಂತೂ ಇಲ್ಲವೇ ಇಲ್ಲ, ತಡೆಯುವ ಶಕ್ತಿಯಿದೆ, ತಡೆಯುವುದಿಲ್ಲ. ನಿಘಂಟಿನ ಅರ್ಥಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ನನಗೆ ಗೊತ್ತಿಲ್ಲ. 380ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಕ್ರೈಸ್ತ ಮತವನ್ನೇ ಎಲ್ಲ ಪ್ರಜೆಗಳ ಮೇಲೆ ವಿಧಿಸಿದಾಗ ‘ಅವಿವೇಕಿ’, ‘ಹುಚ್ಚ’ ಎಂಬ ಬೈಗುಳಗಳು ಅತ್ತಲಿಂದ ಇತ್ತ ತಿರುಗಿದವು; ನಡುವೆ ಕಳೆದದ್ದು ಎಪ್ಪತ್ತು ವರ್ಷವೂ ಅಲ್ಲ.

ತಡೆಯುವ ಶಕ್ತಿಯುಳ್ಳವನು ಕೊಡುವ ರಿಯಾಯಿತಿ ಎಂಬ ವಾಸನೆ ಈ ಪದಕ್ಕೆ ಅಂಟಿಕೊಂಡಿರುವುದರಿಂದಲೇ ಕೆಲವರು ಅದನ್ನು ತಿರಸ್ಕರಿಸಿದರು. 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ಪ್ರಾಟೆಸ್ಟೆಂಟ್ ಪಾದ್ರಿ ರಬೋ ಸೇಂತ್ ಎತಿಯೆನ್, ತಾನು ಕೇಳುತ್ತಿರುವುದು ಸಹಿಷ್ಣುತೆಯನ್ನಲ್ಲ, ಸ್ವಾತಂತ್ರ್ಯವನ್ನು ಎಂದ. ಎರಡು ವರ್ಷಗಳ ನಂತರ, ಚರ್ಚಿಗೆ ಸೇರದ ಇಂಗ್ಲಿಷ್ ಲೇಖಕ ಥಾಮಸ್ ಪೇನ್ ಕೂಡ ಅದೇ ಧಾಟಿಯಲ್ಲಿ ಬರೆದ: ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ತಡೆಹಿಡಿಯುವುದೂ ದಬ್ಬಾಳಿಕೆ, ತಾನೇ ಅದನ್ನು ದಯಪಾಲಿಸುತ್ತೇನೆ ಎನ್ನುವುದೂ ದಬ್ಬಾಳಿಕೆ. ಪಾದ್ರಿಯೂ ಪೇನನೂ ಒಂದೇ ಪದದ ಮೇಲೆ ಮುನಿಸಿಕೊಂಡದ್ದು ನನಗೆ ಖುಷಿ ಕೊಡುತ್ತದೆ.

ಇಲ್ಲಿಯೇ ‘ಗೌರವ’ ಬೇಕಾಗುವುದು. ಅದು ‘ಗುರು’ವಿನಿಂದ ಬಂದದ್ದು, ಇಲ್ಲಿ ಗುರು ಎಂದರೆ ಮೇಷ್ಟರಲ್ಲ, ಭಾರವುಳ್ಳದ್ದು. ಅದರ ಎದುರು ಪದ ಲಘು. ‘ಅವರ ಬಗ್ಗೆ ಹಗುರವಾಗಿ ಮಾತನಾಡಬೇಡ’ ಎನ್ನುವಾಗ ನಾವು ಈ ತಕ್ಕಡಿಯನ್ನೇ ಬಳಸುತ್ತೇವೆ. ಸಹಿಷ್ಣುತೆ ಭಾರ ಹೊರುವುದಾದರೆ ಗೌರವ ಎದುರಿನವರಿಗೆ ಭಾರವಿದೆಯೆಂದು ಒಪ್ಪುವುದು. ಹಾಗಾದರೆ ‘ನಿಮ್ಮ ಅಭಿಪ್ರಾಯವನ್ನು ಗೌರವಿಸುತ್ತೇನೆ’ ಎಂದು ಹೇಳಿ ಮಾತನ್ನು ಮುಗಿಸಿಬಿಡುವುದು ಗೌರವವೇ? ಅದು ತಕ್ಕಡಿಗೆ ಹಾಕದೆ ಗಂಟನ್ನು ಹಿಂದಿರುಗಿಸಿದ ಹಾಗೆ. ಬೈಬಲ್ಲನ್ನು ಓದಿ ಪ್ರಶ್ನೆ ಕೇಳುವ ನಾಸ್ತಿಕ ಆ ಪುಸ್ತಕಕ್ಕೆ ಭಾರ ಕೊಟ್ಟಿದ್ದಾನೆ. ದೇವರಿಲ್ಲ ಎನ್ನುವವನ ವಾದವನ್ನು ಕೊನೆಯವರೆಗೆ ಕೇಳಿ ‘ಲೋಕದಲ್ಲಿ ನೋವೇಕೆ ಎಂಬ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ’ ಎನ್ನುವ ಕ್ರೈಸ್ತಳೂ ಕೊಟ್ಟಿದ್ದಾಳೆ. ‘ಪಾಪ, ಅವರಿಗೆ ಊರುಗೋಲು ಬೇಕು’ ಎನ್ನುವವನು, ‘ಪಾಪ, ಯಾರೋ ಅವನ ಮನಸ್ಸು ನೋಯಿಸಿರಬೇಕು’ ಎನ್ನುವವಳು, ಇಬ್ಬರೂ ಎದುರಿನವರನ್ನು ಹಗುರ ಮಾಡಿದರು, ಅದೂ ಕರುಣೆಯ ದನಿಯಲ್ಲಿ. 1965ರ ಡಿಸೆಂಬರಿನಲ್ಲಿ ಕ್ಯಾಥೊಲಿಕ್ ಚರ್ಚಿನ ಎರಡನೆಯ ವ್ಯಾಟಿಕನ್ ಮಹಾಸಭೆ ನಿರೀಶ್ವರವಾದದ ಬಗ್ಗೆ ಬರೆಯುತ್ತ, ಅದು ಹುಟ್ಟಿಕೊಳ್ಳುವುದರಲ್ಲಿ ನಂಬುವವರ ಪಾಲೂ ಸಣ್ಣದಲ್ಲ ಎಂದು ಒಪ್ಪಿಕೊಂಡಿತು. ನಿರೀಶ್ವರವಾದವನ್ನು ಅದು ಒಪ್ಪಲಿಲ್ಲ, ಆದರೆ ತಕ್ಕಡಿಗೆ ಹಾಕಿತು.

ನನಗೆ ನಿಜವಾಗಿ ಕಿರಿಕಿರಿಯಾಗುವ ಇನ್ನೊಂದು ಪದ ‘ಅವಿಶ್ವಾಸಿ’. ಚರ್ಚಿನ ಕನ್ನಡದಲ್ಲಿ ನಂಬುವವರು ವಿಶ್ವಾಸಿಗಳು, ಸರಿ. ಹಾಗೆಂದು ಉಳಿದವರನ್ನು ಅವಿಶ್ವಾಸಿಗಳು ಎನ್ನುವುದು ವ್ಯಾಕರಣಕ್ಕೆ ಸರಿ, ಕಿವಿಗೆ ತಪ್ಪು. ‘ವಿಶ್ವಾಸ’ದ ಒಳಗಿರುವುದು ಶ್ವಾಸ. ಯಾರ ಎದುರು ನಿರಾಳವಾಗಿ ಉಸಿರಾಡಬಹುದೋ ಅವರಲ್ಲಿ ವಿಶ್ವಾಸ. ಅವಿಶ್ವಾಸ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಸರ್ಕಾರ ಬೀಳಿಸುವ ನಿರ್ಣಯ. ದೇವರನ್ನು ನಂಬದವನು ಎನ್ನಲು ಹೋಗಿ ನಂಬಲಾಗದವನು ಎಂದುಬಿಡುತ್ತೇವೆ.

ಇದು ಬರಿಯ ಪದದ ಜಗಳವೆಂದು ಭಾವಿಸುವವರು ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್‌ನನ್ನು ನೋಡಬೇಕು. 1689ರಲ್ಲಿ ಪ್ರಕಟವಾದ, ಸಹಿಷ್ಣುತೆಯ ಕುರಿತ ಅವನ ಪ್ರಸಿದ್ಧ ಪತ್ರ ನಾಸ್ತಿಕರಿಗೆ ಸಹಿಷ್ಣುತೆಯನ್ನು ನಿರಾಕರಿಸುತ್ತದೆ. ಕಾರಣ: ಮಾತು, ಒಪ್ಪಂದ, ಆಣೆಗಳು ದೇವರಿಲ್ಲ ಎನ್ನುವವನನ್ನು ಕಟ್ಟಿಹಾಕಲಾರವಂತೆ. ನಂಬದವನು ನಂಬಲರ್ಹನಲ್ಲ ಎಂಬ ಅದೇ ಜಾರುವಿಕೆ. ಅದಕ್ಕೆ ಮೊದಲೇ, 1682ರಲ್ಲಿ, ಪಿಯರ್ ಬೇಲ್ ಎಂಬ ಫ್ರೆಂಚ್ ಪ್ರಾಟೆಸ್ಟೆಂಟ್ ಧೂಮಕೇತುವಿನ ನೆಪದಲ್ಲಿ ಬರೆದ ಪುಸ್ತಕದಲ್ಲಿ, ನಾಸ್ತಿಕರ ಸಮಾಜವೂ ಸದ್ವರ್ತನೆಯಿಂದ ಬಾಳಬಲ್ಲದು ಎಂದು ವಾದಿಸಿದ್ದ. ಕೇಳಿಸಿಕೊಂಡವರು ಕಡಿಮೆ. 1880ರಲ್ಲಿ ನಾರ್ಥಾಂಪ್ಟನ್‌ನಿಂದ ಬ್ರಿಟನ್ನಿನ ಕಾಮನ್ಸ್ ಸಭೆಗೆ ಆಯ್ಕೆಯಾದ ಚಾರ್ಲ್ಸ್ ಬ್ರಾಡ್ಲಾ ದೇವರ ಹೆಸರಿಲ್ಲದ ಪ್ರತಿಜ್ಞೆಗೆ ಅವಕಾಶ ಕೇಳಿದ, ಕೊಡಲಿಲ್ಲ. ಹೋಗಲಿ, ನಿಮ್ಮ ಪ್ರಮಾಣವನ್ನೇ ಮಾಡುತ್ತೇನೆ ಎಂದ. ನಾಸ್ತಿಕನ ಪ್ರಮಾಣಕ್ಕೆ ಬೆಲೆಯಿಲ್ಲವೆಂದು ಅದನ್ನೂ ಬಿಡಲಿಲ್ಲ. ಮತ್ತೆ ಮತ್ತೆ ಗೆದ್ದು ಬಂದವನಿಗೆ ಕುರ್ಚಿ ಸಿಕ್ಕಿದ್ದು 1886ರಲ್ಲಿ, ಕಾನೂನು ಬದಲಾದದ್ದು 1888ರಲ್ಲಿ.

‘ನಾಸ್ತಿಕ’ ಪದವೂ ನಿಂತ ನೀರಲ್ಲ. ವೇದವನ್ನು ಒಪ್ಪದವನು ಎಂಬ ಹಳೆಯ ಲೆಕ್ಕ ಹಿಡಿದರೆ ಕ್ರೈಸ್ತರೂ ನಾಸ್ತಿಕರೇ. ರೋಮನ್ ಸಾಮ್ರಾಜ್ಯದಲ್ಲಿ ಅವರನ್ನು ಹಾಗೆ ಕರೆದೇ ಕರೆದರು. ಎರಡನೆಯ ಶತಮಾನದಲ್ಲಿ ಸ್ಮಿರ್ನಾದ ಬಿಷಪ್ ಪಾಲಿಕಾರ್ಪ್‌ನನ್ನು ಕ್ರೀಡಾಂಗಣಕ್ಕೆ ಎಳೆತಂದು, ಕ್ರೈಸ್ತರನ್ನು ಮನಸ್ಸಿನಲ್ಲಿಟ್ಟು ‘ನಾಸ್ತಿಕರು ತೊಲಗಲಿ’ ಎಂದು ಹೇಳು, ಬಿಡುತ್ತೇವೆ ಎಂದರಂತೆ. ಮುದುಕ ಸುತ್ತ ಸೇರಿದ್ದ ಜನರ ಕಡೆಗೆ ಕೈಬೀಸಿ, ಆಕಾಶ ನೋಡಿ, ‘ನಾಸ್ತಿಕರು ತೊಲಗಲಿ’ ಎಂದ.

ಸಹಿಷ್ಣುತೆ ‘ಪರಸ್ಪರ’ ಇರಬೇಕು ಎಂಬ ಮಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹಾನಿ ಮಾಡುವವರನ್ನೂ ಸಹಿಸಬೇಕೇ ಎಂಬುದು ಬೇರೆಯೇ ಲೇಖನದ ಮಾತು. ಜನ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಮಾತ್ರ ಇದು: ಕಾಯಿಲೆಯ ನಾಸ್ತಿಕನಿಗೆ ಕ್ರೈಸ್ತ ಗೆಳೆಯ ‘ನಿಮಗಾಗಿ ಪ್ರಾರ್ಥಿಸುತ್ತೇನೆ’ ಎಂದರೆ ಅದು ಅಗೌರವವೇ? ಅವನು ತನ್ನಲ್ಲಿರುವ ಅತ್ಯಂತ ಭಾರವಾದ ವಸ್ತುವನ್ನು ಕೊಡುತ್ತಿದ್ದಾನೆ, ತೆಗೆದುಕೊಳ್ಳಿ ಎನ್ನುತ್ತೇನೆ. ಹಾಸಿಗೆಯ ಪಕ್ಕ ಕುಳಿತು ಈಗಲಾದರೂ ನಂಬು ಎಂದು ಪೀಡಿಸಿದರೆ ಅದು ಬೇರೆ ಮಾತು. ಗಲೇರಿಯಸ್ ಕೂಡ ತನ್ನ ಶಾಸನದ ಕೊನೆಯಲ್ಲಿ, ಅವಿವೇಕಿಗಳೆಂದು ತಾನೇ ಕರೆದ ಆ ಕ್ರೈಸ್ತರು ತನ್ನ ಕ್ಷೇಮಕ್ಕಾಗಿ ಅವರ ದೇವರನ್ನು ಪ್ರಾರ್ಥಿಸಬೇಕು ಎಂದು ಬರೆಸಿದ್ದ.