ಬೆಳಗಿನ ಮೊದಲ ರೈಲು ರಾತ್ರಿ ಎಲ್ಲಿತ್ತು? ನಮ್ಮ ಮೆಟ್ರೊ ಡಿಪೊಗಳ ಹಿನ್ನೆಲೆ

2025ರ ಜನವರಿ 13ರಿಂದ ಸೋಮವಾರಗಳಂದು ನಮ್ಮ ಮೆಟ್ರೊದ ಮೊದಲ ರೈಲು 5 ಗಂಟೆಯ ಬದಲು 4.15ಕ್ಕೇ ಹೊರಡತೊಡಗಿತು. ಶನಿವಾರ, ಭಾನುವಾರ ಊರಿಗೆ ಹೋಗಿ ರಾತ್ರಿ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದಿಳಿಯುವವರಿಗೆ ಇದರಿಂದ ತುಂಬ ಅನುಕೂಲವಾಯಿತು. ಆದರೆ ಮುಕ್ಕಾಲು ಗಂಟೆ ಮುಂಚೆ ರೈಲು ಓಡಿಸಲು ವೇಳಾಪಟ್ಟಿ ತಿದ್ದಿದರಷ್ಟೇ ಸಾಲದು. ಆ ಹೊತ್ತಿಗೆ ರೈಲು ಮಾರ್ಗದ ಕೊನೆಯ ನಿಲ್ದಾಣದಲ್ಲಿ ಸಿದ್ಧವಾಗಿ ನಿಂತಿರಬೇಕು. ಅದು ರಾತ್ರಿಯಿಡೀ ಎಲ್ಲಿ ನಿಂತಿತ್ತು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಬೆಂಗಳೂರಿನಲ್ಲಿ ಯಾವ ಮಾರ್ಗ ಎಲ್ಲಿಂದ ಶುರುವಾಯಿತು, ಯಾವ ತುಂಡು ಮೊದಲು ತೆರೆಯಿತು ಎಂಬುದನ್ನು ತೀರ್ಮಾನಿಸಿದ್ದೂ ಬಹುಪಾಲು ಈ ಜಾಗದ ಲೆಕ್ಕವೇ.

ರೈಲುಗಳು ರಾತ್ರಿ ತಂಗುವುದು ಡಿಪೊದಲ್ಲಿ. ಅಲ್ಲಿ ಸಾಲಾಗಿ ಹಾಸಿರುವ ನಿಲುಗಡೆ ಹಳಿಗಳಿಗೆ ಸ್ಟೇಬ್ಲಿಂಗ್ ಲೈನ್ ಎನ್ನುತ್ತಾರೆ. ಪಕ್ಕದಲ್ಲಿ ತೊಳೆಯುವ ಯಂತ್ರ, ಬೋಗಿಯ ಅಡಿಗೆ ಇಳಿದು ನೋಡಲು ಗುಂಡಿ ತೋಡಿದ ತಪಾಸಣೆ ಹಳಿಗಳು, ಸವೆದ ಚಕ್ರವನ್ನು ಬಿಚ್ಚದೆಯೇ ಕಡೆಯುವ ಲೇತ್ ಯಂತ್ರ, ದೊಡ್ಡ ರಿಪೇರಿಯ ವರ್ಕ್‌ಶಾಪ್ ಇರುತ್ತವೆ. ಕೊನೆಯ ಪ್ರಯಾಣಿಕ ಇಳಿದ ಮೇಲೆ ಬೋಗಿಗಳಲ್ಲಿ ಯಾರೂ ಉಳಿದಿಲ್ಲವೆಂದು ಖಚಿತ ಮಾಡಿಕೊಂಡು ರೈಲನ್ನು ಡಿಪೊದ ಬಾಯಿಗೆ ತರುತ್ತಾರೆ. ಅಲ್ಲಿವರೆಗೆ ಅದು ಮುಖ್ಯ ನಿಯಂತ್ರಣ ಕೇಂದ್ರದ ಕೈಯಲ್ಲಿ, ಅಲ್ಲಿಂದ ಒಳಗೆ ಡಿಪೊ ನಿಯಂತ್ರಕರ ಕೈಯಲ್ಲಿ. ಯಾವ ರೈಲು ಯಾವ ಹಳಿಗೆ ಹೋಗಬೇಕೆಂಬುದು ಮರುದಿನದ ಸರದಿಯನ್ನು ನೋಡಿಯೇ ನಿರ್ಧಾರವಾಗುತ್ತದೆ. ಒಂದೇ ಹಳಿಯಲ್ಲಿ ಒಂದರ ಹಿಂದೊಂದು ನಿಂತರೆ, ಮುಂದಿನದು ಕೆಟ್ಟ ದಿನ ಹಿಂದಿನದೂ ಹೊರಬರಲಾರದು.

ನಮ್ಮ ಮೆಟ್ರೊಗೆ ತಲೆಯ ಮೇಲೆ ತಂತಿ ಇಲ್ಲ. ಹಳಿಯ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ಡಿಸಿ ವಿದ್ಯುತ್ ಹರಿಯುತ್ತದೆ, ಬೋಗಿಯ ಪಕ್ಕದಿಂದ ಚಾಚಿದ, ಶೂ ಎಂದು ಕರೆಯುವ ಲೋಹದ ತುಂಡು ಅದನ್ನು ಅಡಿಯಿಂದ ಮುಟ್ಟಿ ಎಳೆದುಕೊಳ್ಳುತ್ತದೆ. ಕೆಲಸಗಾರರು ಓಡಾಡುವ ತಪಾಸಣೆ ಗುಂಡಿಯ ಬಳಿ ಇಂಥ ಹಳಿ ಇಡುವಂತಿಲ್ಲ. ಅಲ್ಲಿ ರೈಲಿಗೆ ಉದ್ದನೆಯ ಕೇಬಲ್ ಸಿಕ್ಕಿಸಿ ವಿದ್ಯುತ್ ಕೊಡುತ್ತಾರೆ. ಹಳಿಗಳು ಕವಲೊಡೆಯುವ ಕಡೆಯೂ ಮೂರನೇ ಹಳಿ ತುಂಡು ತುಂಡಾಗಿಯೇ ಇರುತ್ತದೆ. ಮುಂದಿನ ಶೂ ಅಂತರ ದಾಟುವಾಗ ಹಿಂದಿನ ಶೂ ವಿದ್ಯುತ್ ಪಡೆಯುತ್ತಿರುತ್ತದೆ. ಶೂಗಳೆಲ್ಲ ಒಟ್ಟಿಗೆ ಅಂತರದಲ್ಲಿ ಬಿದ್ದರೆ ರೈಲು ಅಲ್ಲೇ ನಿಲ್ಲುತ್ತದೆ, ಮತ್ತೊಂದು ವಾಹನ ಬಂದು ತಳ್ಳಬೇಕು. ಬೆಳಗಿನ ಜಾವ ಡಿಪೊದ ಬಾಯಲ್ಲಿ ಒಂದು ರೈಲು ಹೀಗೆ ಸಿಕ್ಕಿಕೊಂಡರೆ ಹಿಂದಿನವು ಸರದಿಯಲ್ಲಿ ಕಾಯುತ್ತವೆ, ಅರ್ಧ ಊರಿಗೆ ಕಚೇರಿ ತಡವಾಗುತ್ತದೆ.

ಈ ಕಥೆ ಶುರುವಾದದ್ದು ಬೈಯಪ್ಪನಹಳ್ಳಿಯಲ್ಲಿ. 2011ರ ಅಕ್ಟೋಬರ್ 20ರಂದು ತೆರೆದ ಮೊದಲ ತುಂಡು, ಇಂದಿನ ನೇರಳೆ ಮಾರ್ಗದ್ದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಕೇವಲ 6.7 ಕಿ.ಮೀ. ಹೆಚ್ಚು ಜನ ಓಡಾಡುವ ಮೆಜೆಸ್ಟಿಕ್ ಕಡೆಯಿಂದ ಏಕೆ ಶುರು ಮಾಡಲಿಲ್ಲ ಎಂದು ಕೇಳುವವರಿಗೆ ಉತ್ತರ ಸರಳ: ಡಿಪೊ ಇದ್ದದ್ದು ಬೈಯಪ್ಪನಹಳ್ಳಿಯಲ್ಲಿ. ಹಸಿರು ಮಾರ್ಗವೂ ಹಾಗೆಯೇ. 2014ರ ಮಾರ್ಚ್ 1ರಂದು ತೆರೆದ ಸಂಪಿಗೆ ರಸ್ತೆ–ಪೀಣ್ಯ ಕೈಗಾರಿಕಾ ಪ್ರದೇಶದ ತುಂಡು ಪೀಣ್ಯ ಡಿಪೊಗೆ ಅಂಟಿಕೊಂಡಿತ್ತು. ಡಿಪೊ ಮುಟ್ಟದ ಮಾರ್ಗವನ್ನು ತೆರೆಯುವುದು ಎಷ್ಟು ಕಷ್ಟ ಎಂಬುದಕ್ಕೆ 2015ರ ನವೆಂಬರ್‌ನಲ್ಲಿ ಶುರುವಾದ, ನೇರಳೆ ಮಾರ್ಗದ ಪಶ್ಚಿಮದ ಮೈಸೂರು ರಸ್ತೆ–ಮಾಗಡಿ ರಸ್ತೆ ತುಂಡೇ ಸಾಕ್ಷಿ. ಅದಕ್ಕೆ ಸ್ವಂತ ಡಿಪೊ ಇರಲಿಲ್ಲ. ಬೈಯಪ್ಪನಹಳ್ಳಿಗೆ ಇದ್ದ ಹಳಿಯ ಸಂಪರ್ಕವೆಂದರೆ ನಡುವಿನ ಸುರಂಗವೊಂದೇ. ಆ ಸುರಂಗ ಪ್ರಯಾಣಿಕರಿಗೆ ತೆರೆದದ್ದು 2016ರ ಏಪ್ರಿಲ್ ಕೊನೆಗೆ.

ಆಮೇಲೆ ಬೋಗಿಗಳು ದುಪ್ಪಟ್ಟಾದವು. ಮೊದಲ ಹಂತದ 50 ರೈಲುಗಳೂ ಮೂರು ಬೋಗಿಯವು. 2017ರಲ್ಲಿ ಬೆಮೆಲ್‌ಗೆ 150 ಬೋಗಿಗಳ ಆದೇಶ ಹೋಯಿತು, 2018ರ ಜೂನ್‌ನಲ್ಲಿ ಮೊದಲ ಆರು ಬೋಗಿ ರೈಲು ಓಡಿತು. ಪ್ರಯಾಣಿಕರು ನೋಡಿದ್ದು ನಿರಾಳವಾಗಿ ನಿಲ್ಲುವ ಜಾಗವನ್ನು. ಡಿಪೊದವರಿಗೆ ಕಂಡದ್ದೇ ಬೇರೆ. ಬೋಗಿಯ ಉದ್ದ ಸುಮಾರು 21 ಮೀಟರ್, ಆರು ಬೋಗಿಯ ರೈಲು ಸುಮಾರು 130 ಮೀಟರ್. ಎರಡು ಚಿಕ್ಕ ರೈಲು ನಿಲ್ಲುತ್ತಿದ್ದ ಹಳಿಯಲ್ಲಿ ಈಗ ಒಂದೇ ನಿಲ್ಲುತ್ತದೆ. ರೈಲುಗಳ ಸಂಖ್ಯೆ ಒಂದೂ ಹೆಚ್ಚದೆ ಜಾಗದ ಬೇಡಿಕೆ ಎರಡು ಪಟ್ಟಾಯಿತು.

ಲೆಕ್ಕ ಹಾಕಿ ನೋಡಿ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ 43.49 ಕಿ.ಮೀ. ಒಂದು ಕೊನೆಯಿಂದ ಇನ್ನೊಂದಕ್ಕೆ 80 ನಿಮಿಷ ಹಿಡಿಯಿರಿ, ಎರಡೂ ಕಡೆ ತಿರುಗಲು ಐದೈದು ನಿಮಿಷ ಸೇರಿಸಿದರೆ ಒಂದು ಸುತ್ತಿಗೆ 170 ನಿಮಿಷ. ಐದು ನಿಮಿಷಕ್ಕೊಂದು ರೈಲು ಬೇಕಾದರೆ ಹಳಿಯ ಮೇಲೆ 34 ರೈಲು ಓಡುತ್ತಿರಬೇಕು. ರಿಪೇರಿಯಲ್ಲಿರುವವು, ಮೀಸಲಿನವು ಬೇರೆ. ಬರೀ ಆ 34 ರೈಲು ನಿಲ್ಲಿಸಲು ನಾಲ್ಕೂವರೆ ಕಿ.ಮೀ.ನಷ್ಟು ಹಳಿ ಬೇಕು. ರೈಲುಗಳ ನಡುವಿನ ಅಂತರ, ಕವಲು ಹಳಿ ಇದರಲ್ಲಿ ಸೇರಿಲ್ಲ. ಮೂರು ನಿಮಿಷಕ್ಕೊಂದು ಓಡಿಸುವುದಾದರೆ 57 ರೈಲು. ಹೆಚ್ಚು ರೈಲು ಓಡಿಸಿ ಎಂಬ ನಮ್ಮ ಬೇಡಿಕೆ ನ್ಯಾಯವಾದದ್ದೇ. ಅದರ ಜತೆಗೆ ಡಿಪೊದ ಜಾಗವನ್ನೂ ಕೇಳಬೇಕು.

ಡಿಪೊ ಒಂದೇ ತುದಿಯಲ್ಲಿದ್ದಾಗಿನ ತೊಂದರೆ ಬೇರೆ. ನೇರಳೆ ಮಾರ್ಗ 2021ರ ಆಗಸ್ಟ್‌ನಲ್ಲಿ ಕೆಂಗೇರಿ ಮುಟ್ಟಿತು. ಬೈಯಪ್ಪನಹಳ್ಳಿಯಲ್ಲಿ ತಂಗಿದ ರೈಲು ಬೆಳಿಗ್ಗೆ 5ಕ್ಕೆ ಕೆಂಗೇರಿಯಿಂದ ಹೊರಡಬೇಕೆಂದರೆ ಇರುವುದು ಎರಡೇ ದಾರಿ: ಅಷ್ಟು ದೂರ ಖಾಲಿ ಓಡಿಸಿ ಕಳಿಸುವುದು, ಇಲ್ಲವೇ ಕೊನೆಯ ನಿಲ್ದಾಣದ ಆಚೆಗೆ ಚಾಚಿರುವ ಬಾಲದ ಹಳಿಯಲ್ಲೇ ರಾತ್ರಿ ನಿಲ್ಲಿಸುವುದು. ಖಾಲಿ ಓಟ ಹಳಿ ರಿಪೇರಿಯ ಹೊತ್ತನ್ನು ಕಬಳಿಸುತ್ತದೆ. ಕೊನೆಯ ರೈಲು ಹೋದ ಮೇಲೆ ಮೂರನೇ ಹಳಿಯ ವಿದ್ಯುತ್ ತೆಗೆದು, ಅರ್ಥಿಂಗ್ ಕೊಟ್ಟು, ಆಮೇಲೆ ಕೆಲಸಗಾರರನ್ನು ಹಳಿಗೆ ಇಳಿಸಬೇಕು. ಮುಗಿದ ಮೇಲೆ ಉಪಕರಣಗಳನ್ನು ಎಣಿಸಿ, ಅರ್ಥಿಂಗ್ ಬಿಚ್ಚಿ, ಎಲ್ಲರೂ ಮೇಲೆ ಬಂದದ್ದು ಖಚಿತವಾದ ಮೇಲೆಯೇ ವಿದ್ಯುತ್ ಮರಳಿಸಬೇಕು. ಈ ವಿಧಿಗಳನ್ನು ಕಳೆದರೆ ಕೈಗೆ ಸಿಗುವುದು ಮೂರು ಗಂಟೆಯ ಆಸುಪಾಸು.

ಹಾಗೆಂದು ಬಾಲದ ಹಳಿಯಲ್ಲಿ ನಿಲ್ಲಿಸುವುದೂ ಸಲೀಸಲ್ಲ. ಮೂರನೇ ಹಳಿ ಸತ್ತಿರುವಾಗ ರೈಲು ಬ್ಯಾಟರಿಯ ಮೇಲಿರುತ್ತದೆ, ಕಂಪ್ರೆಸರ್ ಓಡುವುದಿಲ್ಲ, ಬ್ರೇಕಿಗೆ ಬೇಕಾದ ಗಾಳಿಯ ಒತ್ತಡ ಮೆಲ್ಲಗೆ ಇಳಿಯುತ್ತದೆ. ಸ್ಪ್ರಿಂಗ್ ಬಲದ ಪಾರ್ಕಿಂಗ್ ಬ್ರೇಕ್ ಇರುವುದರಿಂದ ಉರುಳುವ ಭಯವಿಲ್ಲ. ಆದರೆ ವಿದ್ಯುತ್ ಮರಳಿದ ಮೇಲೆ ಒತ್ತಡ ತುಂಬಿ, ಬ್ರೇಕ್, ಬಾಗಿಲು, ದೀಪ ಪರೀಕ್ಷಿಸಿದ ಬಳಿಕವೇ ರೈಲು ಕದಲಬೇಕು. ದೋಷ ಕಂಡರೆ ಬದಲಿ ರೈಲು ಹತ್ತಾರು ಕಿ.ಮೀ. ಆಚೆ. ಒಳಗೆ ಗುಡಿಸುವವರು, ಕಾವಲಿನವರು, ನಸುಕಿನಲ್ಲೇ ಬರಬೇಕಾದ ಲೊಕೊ ಪೈಲಟ್‌ಗೆ ವಾಹನ, ಎಲ್ಲವನ್ನೂ ಪ್ರತ್ಯೇಕವಾಗಿ ಹೊಂದಿಸಬೇಕು.

ಆದ್ದರಿಂದ ಎರಡನೇ ಹಂತದಲ್ಲಿ ನೇರಳೆ ಮಾರ್ಗದ ಎರಡೂ ತುದಿಗೆ ಡಿಪೊ ಬಂತು: ಪಶ್ಚಿಮಕ್ಕೆ ಚಲ್ಲಘಟ್ಟ, ಪೂರ್ವಕ್ಕೆ ಕಾಡುಗೋಡಿ. ಕಾಡುಗೋಡಿಯ ಬೆಲೆ ಗೊತ್ತಾದದ್ದು 2023ರಲ್ಲಿ. ಆ ವರ್ಷ ಮಾರ್ಚ್‌ನಲ್ಲಿ ಕೆ.ಆರ್. ಪುರ–ವೈಟ್‌ಫೀಲ್ಡ್ ತುಂಡು ತೆರೆದಾಗ ಬೈಯಪ್ಪನಹಳ್ಳಿಯವರೆಗಿನ ಸುಮಾರು 2 ಕಿ.ಮೀ. ಇನ್ನೂ ಆಗಿರಲಿಲ್ಲ. ರೈಲುಗಳು ಟ್ರೇಲರ್ ಲಾರಿಗಳ ಮೇಲೆ ರಸ್ತೆಯಲ್ಲೇ ಕಾಡುಗೋಡಿಗೆ ಹೋಗಬೇಕಾಯಿತು. ಅಕ್ಟೋಬರ್ 9ರಂದು ಕೊಂಡಿ ಸೇರುವ ತನಕ ಆ ತುಂಡು ದ್ವೀಪದಂತೆ ತನ್ನ ಡಿಪೊವೊಂದನ್ನೇ ನಂಬಿ ಓಡಿತು.

ಹಳದಿ ಮಾರ್ಗದ್ದು ತಿರುವುಮುರುವು. ಹೆಬ್ಬಗೋಡಿ ಡಿಪೊ ಸಿದ್ಧವಿತ್ತು, ನಿಲ್ಲಿಸಲು ರೈಲುಗಳೇ ಇರಲಿಲ್ಲ. ಚೀನಾದ ಸಿಆರ್‌ಆರ್‌ಸಿಗೆ 2019ರಲ್ಲಿ ಕೊಟ್ಟ 216 ಬೋಗಿಗಳ ಆದೇಶ ವರ್ಷಗಟ್ಟಲೆ ತಡವಾಯಿತು. 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ 19.15 ಕಿ.ಮೀ. ಮಾರ್ಗಕ್ಕೆ ಮೂರೇ ರೈಲು, 25 ನಿಮಿಷಕ್ಕೊಂದು ಓಟ. ಬೇರೆ ಮಾರ್ಗದಿಂದ ಎರವಲು ತರಲೂ ಆಗದು. ಹಳದಿ ಮಾರ್ಗದ ಸಿಗ್ನಲ್ ವ್ಯವಸ್ಥೆ ಸಿಬಿಟಿಸಿ, ಅಂದರೆ ರೇಡಿಯೊ ಸಂವಹನದ ಮೂಲಕ ರೈಲನ್ನು ನಿಯಂತ್ರಿಸುವ ಬಗೆ. ನೇರಳೆ, ಹಸಿರಿನ ರೈಲುಗಳಿಗೆ ಅದರ ಭಾಷೆ ತಿಳಿಯದು.

ಮುಂದಿನ ನೀಲಿ ಮಾರ್ಗಕ್ಕೆ ಬೈಯಪ್ಪನಹಳ್ಳಿಯ ಜತೆ ವಿಮಾನ ನಿಲ್ದಾಣದ ಕಡೆ ಶೆಟ್ಟಿಗೆರೆಯಲ್ಲಿ ಡಿಪೊ. ಗುಲಾಬಿ ಮಾರ್ಗದ ಡಿಪೊ ದಕ್ಷಿಣ ತುದಿಯ ಕೊತ್ತನೂರಿನಲ್ಲಿ. 21.25 ಕಿ.ಮೀ. ಮಾರ್ಗದಲ್ಲಿ ಮೊದಲು ತೆರೆಯಲು ಆಯ್ದುಕೊಂಡದ್ದು ಕಾಳೇನ ಅಗ್ರಹಾರ–ತಾವರೆಕೆರೆಯ ಸುಮಾರು 7.5 ಕಿ.ಮೀ. ಮೇಲ್ಸೇತುವೆ ಭಾಗ, ಅಂದರೆ ಮತ್ತೆ ಡಿಪೊ ಇರುವ ತುದಿ. ಉಳಿದ 13.76 ಕಿ.ಮೀ. ನಾಗವಾರದವರೆಗೆ ನೆಲದಡಿಯಲ್ಲಿದೆ. ಅದು ತೆರೆದ ಮೇಲೆ ನಾಗವಾರದ ಮೊದಲ ರೈಲು ದಿನವೂ ನಸುಕಿನಲ್ಲಿ ಇಡೀ ಸುರಂಗ ದಾಟಿ ಖಾಲಿ ಬರಬೇಕು, ಇಲ್ಲವೇ ರಾತ್ರಿಯಿಡೀ ಸುರಂಗದಲ್ಲೇ ನಿಂತಿರಬೇಕು.