ಪ್ರೋ ಹಾಕಿದ ಮಾತ್ರಕ್ಕೆ ಪಿಕ್ಚರ್ ಚೆನ್ನಾಗಿ ಬರುವುದಿಲ್ಲ

ಕ್ಯಾಬಿನೆಟ್, ಬೋರ್ಡು, ರ‍್ಯಾಮ್ ಎಲ್ಲದಕ್ಕೂ ಚೌಕಾಸಿ ಮುಗಿದ ಮೇಲೆ, ಚೌಕಾಸಿಯೇ ಇಲ್ಲದೆ ಬರುವ ಮಾತೊಂದಿದೆ: "ವಿಂಡೋಸ್ ಮಾತ್ರ ಪ್ರೋನೇ ಹಾಕ್ಬಿಡಿ ಸಾರ್. ಹಾಲ್‌ನಲ್ಲಿ ದೊಡ್ಡ ಟಿವಿಗೆ ಕನೆಕ್ಟ್ ಮಾಡೋದು, ಪಿಕ್ಚರ್ ಚೆನ್ನಾಗಿರ್ಬೇಕು." ಮೈಸೂರಿನ ಸರಸ್ವತಿಪುರಂನಲ್ಲಿ ಹದಿನೆಂಟು ವರ್ಷದಿಂದ ಕಂಪ್ಯೂಟರ್ ಜೋಡಿಸಿಕೊಡುತ್ತಿದ್ದೇನೆ. ಈ ಮಾತು ಕೇಳದ ತಿಂಗಳಿಲ್ಲ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಕೂಡಿಟ್ಟ ದುಡ್ಡಿನಲ್ಲಿ ಕೆಲವು ಸಾವಿರ, ಟಿವಿ ಪರದೆಯ ಮೇಲೆ ಎಂದೂ ಕಾಣಿಸದ ಕಡೆಗೆ ಹೋಗುತ್ತದೆ.

ವಿಂಡೋಸ್‌ನ ಅಗ್ಗದ ಹೋಮ್ ಎಡಿಷನ್ನೂ ದುಬಾರಿ ಪ್ರೋ ಎಡಿಷನ್ನೂ ಸಿನಿಮಾ ತೋರಿಸುವ ವಿಷಯದಲ್ಲಿ ಒಂದೇ. ಚಿತ್ರವೂ ಅದೇ, ಸದ್ದೂ ಅದೇ, ಗ್ರಾಫಿಕ್ಸ್ ಡ್ರೈವರೂ ಅದೇ. ಹೋಮ್‌ನಲ್ಲಿ ತಡವರಿಸುವ 4ಕೆ ವಿಡಿಯೋ ಪ್ರೋನಲ್ಲೂ ಅಷ್ಟೇ ತಡವರಿಸುತ್ತದೆ. ಪ್ರೋನಲ್ಲಿ ಹೆಚ್ಚಿಗೆ ಇರುವುದೆಲ್ಲ ಆಫೀಸಿನ ಸಾಮಾನು: ಕಂಪನಿಯ ಡೊಮೇನ್‌ಗೆ ಸೇರಿಕೊಳ್ಳುವುದು, ಎಲ್ಲ ಯಂತ್ರಗಳಿಗೂ ಒಂದೇ ನಿಯಮ ಹಾಕುವ ಗ್ರೂಪ್ ಪಾಲಿಸಿ, ಯಂತ್ರದೊಳಗೆ ಇನ್ನೊಂದು ಯಂತ್ರ ಓಡಿಸುವ ಹೈಪರ್-ವಿ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್, ದೂರದಿಂದ ಈ ಯಂತ್ರಕ್ಕೆ ಬರಲು ಬಿಡುವ ರಿಮೋಟ್ ಡೆಸ್ಕ್‌ಟಾಪ್. "ಮಹಡಿ ಮೇಲಿನ ಲ್ಯಾಪ್‌ಟಾಪ್‌ನಿಂದ ಹಾಲ್‌ನ ಮೆಷಿನ್ ನಡೆಸ್ಬೇಕು" ಎಂದು ಆ ಕೊನೆಯದನ್ನು ಕೇಳುವವರಿದ್ದಾರೆ. ನೀವು ಮೇಲಿನಿಂದ ಒಳಗೆ ಬಂದ ಕ್ಷಣ ಕೆಳಗೆ ಟಿವಿಯ ಪರದೆ ಲಾಕ್ ಆಗುತ್ತದೆ. ಧಾರಾವಾಹಿ ನೋಡುತ್ತಾ ಕುಳಿತ ಮನೆಯವರ ಮುಂದೆ ಹಾಗೆ ಮಾಡಿ ನೋಡಿ. ಇನ್ನು ಫೋಲ್ಡರ್ ಹಂಚಿಕೊಂಡು ಮೇಲಿನ ಕೋಣೆಯಲ್ಲಿ ಸಿನಿಮಾ ನೋಡುವುದಕ್ಕೆ ಹೋಮ್ ಸಾಕು.

ಗಿರಾಕಿಗಳನ್ನು ಪೂರ್ತಿ ದೂರುವಂತೆಯೂ ಇಲ್ಲ. ಎಡಿಷನ್ ನೋಡಿ ತೆಗೆದುಕೊಳ್ಳಬೇಕಾದ ಕಾಲ ನಿಜವಾಗಿಯೂ ಇತ್ತು. 2002ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಮೀಡಿಯಾ ಸೆಂಟರ್ ಎನ್ನುವ, ಟಿವಿ, ಸಿನಿಮಾ, ಹಾಡು ಎಲ್ಲವನ್ನೂ ಒಂದೇ ಕಡೆ ತೋರಿಸುವ ಪ್ರೋಗ್ರಾಮಿನ ಬೇರೆ ಎಡಿಷನ್ನೇ ಬಂತು. ಅದರ ನಂತರದ ವಿಸ್ಟಾದಲ್ಲಿ ಹೋಮ್ ಪ್ರೀಮಿಯಂ, ಅಲ್ಟಿಮೇಟ್‌ಗಳಲ್ಲಿ ಮೀಡಿಯಾ ಸೆಂಟರ್ ಇತ್ತು, ಹೋಮ್ ಬೇಸಿಕ್‌ನಲ್ಲಿ ಇರಲಿಲ್ಲ. ವಿಂಡೋಸ್ 7ರ ಹೋಮ್ ಬೇಸಿಕ್ಕೂ ಹಾಗೇ, ನಮ್ಮ ದೇಶದಲ್ಲಿ ಮಾರಾಟವಾಗುತ್ತಿದ್ದ ಅಗ್ಗದ ಎಡಿಷನ್ ಅದು. ಅದನ್ನು ಕೊಂಡು, ಕಂಪ್ಯೂಟರಿನಲ್ಲಿ ಟಿವಿ ಚಾನೆಲ್ ನೋಡಲು ಟ್ಯೂನರ್ ಕಾರ್ಡ್ ಹಾಕಿ ಕೈಸುಟ್ಟುಕೊಂಡವರನ್ನು ನಾನೇ ಕಂಡಿದ್ದೇನೆ. ವಿಂಡೋಸ್ 8ಕ್ಕೆ ಬಂದಾಗ ಪ್ರೋ ಇದ್ದವರಷ್ಟೇ ಮೀಡಿಯಾ ಸೆಂಟರ್ ಸೇರಿಸಿಕೊಳ್ಳಬಹುದಿತ್ತು. 2015ರಲ್ಲಿ ವಿಂಡೋಸ್ 10 ಬಂದು ಅದನ್ನು ಎಲ್ಲ ಎಡಿಷನ್‌ಗಳಿಂದಲೂ ತೆಗೆದುಹಾಕಿತು. ಅಲ್ಲಿಗೆ ಆ ಲೆಕ್ಕ ಮುಗಿಯಿತು. ಬುದ್ಧಿಮಾತು ಮಾತ್ರ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಅವನ ಗೆಳೆಯರಿಗೆ ದಾಟುತ್ತಲೇ ಇದೆ.

ಚಿತ್ರ ಚೆನ್ನಾಗಿ ಬರಬೇಕಾದರೆ ನೋಡಬೇಕಾದದ್ದು ಪ್ರೊಸೆಸರ್. 4ಕೆ ಸಿನಿಮಾಗಳನ್ನು ಕುಗ್ಗಿಸಿಡುವ ಎಚ್‌ಇವಿಸಿ ಎಂಬ ವಿಧಾನದ 10 ಬಿಟ್ ವಿಡಿಯೋವನ್ನು ಇಂಟೆಲ್‌ನಲ್ಲಿ 7ನೇ ಜನರೇಷನ್‌ನಿಂದ ಈಚಿನವು ಸಲೀಸಾಗಿ ಬಿಡಿಸುತ್ತವೆ. ಇನ್ನೂ ಹೊಸ ವಿಧಾನವಾದ ಎವಿ1 ಬೇಕೆಂದರೆ 11ನೇ ಜನರೇಷನ್‌ಗೆ ಬರಬೇಕು. ಟಿವಿಯ ಕೇಬಲ್ ಸಿಕ್ಕಿಸುವ ಬೋರ್ಡಿನ ಎಚ್‌ಡಿಎಂಐ 1.4 ಆಗಿದ್ದರೆ 4ಕೆ ಚಿತ್ರ ಸೆಕೆಂಡಿಗೆ 30 ಫ್ರೇಮಿಗೇ ನಿಲ್ಲುತ್ತದೆ, 60 ಬೇಕಾದರೆ 2.0 ಇರಬೇಕು. ಸಿನಿಮಾ ತೆಗೆಯುವುದು 24 ಫ್ರೇಮಿನಲ್ಲಿ, ಟಿವಿ ಓಡುವುದು 60ರಲ್ಲಿ. ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ತಿರುಗುವಾಗ ಚಿತ್ರ ಜಗ್ಗಿದಂತೆ ಕಾಣುವುದು ಅದಕ್ಕೇ. ಸಿನಿಮಾ ಓಡಿಸುವ ಕೋಡಿ ಎಂಬ ಪ್ರೋಗ್ರಾಮಿನಲ್ಲಿ ಟಿವಿಯ ಈ ವೇಗವನ್ನು, ಅಂದರೆ ರಿಫ್ರೆಶ್ ರೇಟನ್ನು, ಸಿನಿಮಾಗೆ ತಾನೇ ಹೊಂದಿಸಿಕೊಳ್ಳುವ ಆಯ್ಕೆ ಇದೆ, ಒಂದು ಕ್ಲಿಕ್ಕು. ಎಷ್ಟೋ ಮನೆಗಳಲ್ಲಿ ನಾನು ಆ ಕ್ಲಿಕ್ ಮಾಡಿಕೊಟ್ಟು ಕಾಫಿ ಕುಡಿದು ಬಂದಿದ್ದೇನೆ.

ಪ್ರೋ ಬೇಡ ಎಂದು ನಾನು ಇಷ್ಟು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ. ಮಂಡ್ಯದಿಂದ ನಿವೃತ್ತ ಮೇಷ್ಟ್ರೊಬ್ಬರು ಮಡಿಲಲ್ಲಿ ಸಿಪಿಯು ಇಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದರು. ನೆಂಟರ ಹುಡುಗ ಪ್ರೀತಿಯಿಂದಲೇ ಜೋಡಿಸಿಕೊಟ್ಟ ಯಂತ್ರ. ಪ್ರೋ ಹಾಕಿದ್ದ. ಹಾಕಿದ ಮೇಲೆ ಇರುವುದನ್ನೆಲ್ಲ ಬಳಸೋಣವೆಂದು ಎರಡೂ ಡಿಸ್ಕಿಗೆ ಬಿಟ್‌ಲಾಕರ್ ಆನ್ ಮಾಡಿದ್ದ. ಮಳೆಗಾಲದಲ್ಲಿ ಸಿಡಿಲಿಗೆ ಬೋರ್ಡ್ ಹೋಯಿತು. ಬೀಗದ ಕೀಲಿ ಕೂರುವುದು ಬೋರ್ಡಿನ ಟಿಪಿಎಂ ಚಿಪ್‌ನಲ್ಲಿ. ನಾನು ಬೋರ್ಡ್ ಬದಲಿಸಿ ಸ್ವಿಚ್ ಒತ್ತಿದೆ. ನೀಲಿ ಪರದೆ ಬಂತು, 48 ಅಂಕಿಯ ರಿಕವರಿ ಕೀ ಕೇಳಿತು. ಹುಡುಗನಿಗೆ ಫೋನ್ ಮಾಡಿದೆವು. ಪೆನ್‌ಡ್ರೈವ್‌ನಲ್ಲಿ ಸೇವ್ ಮಾಡಿದ್ದನಂತೆ. ಆ ಪೆನ್‌ಡ್ರೈವನ್ನು ಮೇಷ್ಟ್ರ ಮನೆಯಲ್ಲೇ ಫಾರ್ಮ್ಯಾಟ್ ಮಾಡಿ ಕಾರಿಗೆ ಭಕ್ತಿಗೀತೆ ತುಂಬಿದ್ದರು.

"ಮಗಳ ಮದ್ವೆ ವಿಡಿಯೋ ಅದ್ರಲ್ಲೇ ಐತೆ ಕಣಪ್ಪ. ನಮ್ಮವ್ವ ಸೋಬಾನೆ ಹೇಳವ್ಳೆ. ಅವ್ಳ ದನಿ ಇರೋದು ಅದೊಂದ್ರಲ್ಲೇಯ" ಅಂದರು. ಆ ಬೀಗ ಕೀ ಇಲ್ಲದೆ ತೆಗೆಯುವಂಥದ್ದಲ್ಲ, ಅದರ ಕೆಲಸವೇ ಅದು. ಹಾಗೆಂದು ಅವರಿಗೆ ಹೇಳುವಷ್ಟರಲ್ಲಿ ನನ್ನ ಗಂಟಲು ಕಟ್ಟಿತ್ತು.

ಇಲ್ಲೊಂದು ಎಚ್ಚರಿಕೆ. ವಿಂಡೋಸ್ 11ರ ಹೋಮ್‌ನಲ್ಲೂ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿ ಲಾಕ್ ಆಗಬಹುದು. ಆಗ ಕೀ ನಿಮ್ಮ ಖಾತೆಯಲ್ಲಿ ಉಳಿದಿರುತ್ತದೆ. ಅದನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇಡಿ. ಬೇಡವೆಂದರೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು.

ಹಾಗಾದರೆ ಏನು ಹಾಕಿಸಬೇಕು? ನೆಟ್‌ಫ್ಲಿಕ್ಸನ್ನು 4ಕೆಯಲ್ಲಿ ನೋಡುವ ಮನೆಗೆ 64 ಬಿಟ್ ಹೋಮ್. ಬರೀ ಸ್ವಂತ ಫೈಲುಗಳು, ಹಾಡು, ಫೋಟೋ ಎನ್ನುವವರಿಗೆ ವಿಂಡೋಸ್ ಬದಲಿಗೆ ಕೋಡಿಯನ್ನೇ ಓಡಿಸುವ ಲಿಬ್ರೆಎಲೆಕ್, ಅದಕ್ಕೆ ದುಡ್ಡೇ ಬೇಡ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಜನರೇಷನ್ ಆದರೂ ಬೇಕು. ಹಳೆ ಬೋರ್ಡ್ ಇದ್ದವರು ಮೊದಲು ಅದನ್ನು ನೋಡಿಸಿಕೊಳ್ಳಿ. ಅಪ್‌ಡೇಟ್‌ಗಳನ್ನು ತಿಂಗಳುಗಟ್ಟಲೆ ಮುಂದೂಡುವ ಅನುಕೂಲ ಪ್ರೋನಲ್ಲಿ ಹೆಚ್ಚು, ಅದನ್ನು ಒಪ್ಪುತ್ತೇನೆ. ಮನೆಗೆ ಅದು ಅಗತ್ಯವೆಂದು ನನಗೆ ಅನಿಸಿಲ್ಲ. ಪ್ರೋಗೆ ಕೊಡಬೇಕಿದ್ದ ಹೆಚ್ಚಿನ ದುಡ್ಡಿಗೆ ಇನ್ನೊಂದು ಡಿಸ್ಕ್ ತೆಗೆದುಕೊಳ್ಳಿ.

ಮೇಷ್ಟ್ರು ಮುಂದಿನ ವಾರ ಮತ್ತೆ ಬಂದರು, ಪಂಚೆಯ ತುದಿಯಲ್ಲಿ ಒಂದು ಡಿವಿಡಿ ಸುತ್ತಿಕೊಂಡು. ಮದ್ದೂರಿನ ತಂಗಿಯ ಮನೆಯ ಅಟ್ಟದಲ್ಲಿ ಸಿಕ್ಕಿತ್ತು, ತುಂಬ ಗೀಚಿತ್ತು. ಹೋಮ್ ಹಾಕಿದ ಅವರ ಯಂತ್ರದಲ್ಲೇ ವಿಎಲ್‌ಸಿ ಹಾಕಿ ಓಡಿಸಿದೆ. ಎರಡು ಕಡೆ ಚಿತ್ರ ನಿಂತಿತು. ಅವ್ವನ ಸೋಬಾನೆ ಅರ್ಧದಷ್ಟು ಬಂತು. ಅಷ್ಟನ್ನು ಎರಡು ಡಿಸ್ಕಿಗೂ ಇಳಿಸಿ, ಒಂದನ್ನು ತಂಗಿಯ ಮನೆಯಲ್ಲಿಡಿ ಎಂದು ಕೈಗೆ ಕೊಟ್ಟೆ.