ಖಾಲಿ ಡಬ್ಬಿಯಲ್ಲಿ ಉಳಿದ ಒಂದು ಚಮಚ ಪೆಟ್ರೋಲ್

ಗುಜರಿಯಲ್ಲಿ ಸಿಕ್ಕ ಲೋಹದ ಡಬ್ಬಿಗೆ ಒಂದು ನಳಿಕೆ, ಒಂದು ಮುಚ್ಚಳ ವೆಲ್ಡ್ ಮಾಡಿಸಿದರೆ ಬೈಕಿಗೆ ಪೆಟ್ರೋಲ್ ಟ್ಯಾಂಕ್ ರೆಡಿ ಅನ್ನಿಸುತ್ತದೆ. ಕೈಯಾರೆ ಗಾಡಿ ಕಟ್ಟುವವರ ಆ ಹುಮ್ಮಸ್ಸು ನನಗೆ ತುಂಬ ಇಷ್ಟ. ಆದರೆ ಕಿಡಿ ಹಾರುವ ಮುಂಚೆ ಒಂದು ಲೆಕ್ಕ ನೋಡಿಬಿಡೋಣ.

ಹಿಂದೆ ಪೆಟ್ರೋಲ್ ಇದ್ದ 20 ಲೀಟರಿನ ಕ್ಯಾನು. ಬಗ್ಗಿಸಿದರೆ ಹನಿಯೂ ಬೀಳುತ್ತಿಲ್ಲ. ಆದರೂ ಅಂಚಿನ ಮಡಿಕೆಯಲ್ಲಿ 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚದಷ್ಟು ಉಳಿದಿದೆ ಅಂದುಕೊಳ್ಳಿ. ಅದು ಆವಿಯಾದರೆ ಹೆಚ್ಚು ಕಡಿಮೆ 1 ಲೀಟರ್ ಜಾಗ ಹಿಡಿಯುತ್ತದೆ. ಕ್ಯಾನಿನೊಳಗೆ ಆವಿಯ ಪಾಲು ಶೇ 5ರ ಆಸುಪಾಸು. ಪೆಟ್ರೋಲ್ ಆವಿ ಹೊತ್ತಿಕೊಳ್ಳುವುದು ಗಾಳಿಯಲ್ಲಿ ಸುಮಾರು ಶೇ 1.4ರಿಂದ 7.6ರಷ್ಟು ಇದ್ದಾಗ. ಸರಿಯಾಗಿ ನಡುವೆಯೇ ಬಂದು ಕೂತಿತು, ಅಲ್ವಾ? ತುಂಬಿದ ಟ್ಯಾಂಕಿನೊಳಗೆ ಆವಿ ಎಷ್ಟು ದಟ್ಟವೆಂದರೆ, ಉರಿಯಲು ಬೇಕಾದ ಆಮ್ಲಜನಕವೇ ಸಾಲದು. ಖಾಲಿಯದ್ದೇ ಅಪಾಯ ಜಾಸ್ತಿ. ಈ ಆವಿ ಗಾಳಿಗಿಂತ ಭಾರ. ಸುಮ್ನೆ ಮುಚ್ಚಳ ತೆಗೆದಿಟ್ಟರೆ ಹೋಗುವುದಿಲ್ಲ, ತಳದಲ್ಲೇ ಕೂತಿರುತ್ತದೆ. ಇಂಥ ಡಬ್ಬಿಗೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ.

ಇನ್ನೊಂದು ವಿಷಯ: ಟ್ಯಾಂಕ್ ಉಸಿರಾಡಬೇಕು. ನನ್ನ ಹಳೆಯ ಬೈಕು ಕೆಲವು ಕಿಲೋಮೀಟರ್ ಓಡಿ ನಿಂತುಬಿಡುತ್ತಿತ್ತು. ಮುಚ್ಚಳ ತೆಗೆದರೆ ಸುಸ್ ಎಂದು ಗಾಳಿ ಒಳಗೆ ಹೋಗುತ್ತಿತ್ತು, ಗಾಡಿ ಮತ್ತೆ ಸ್ಟಾರ್ಟ್. ಮುಚ್ಚಳದ ಸಣ್ಣ ತೂತಿಗೆ ಮಣ್ಣು ಕಟ್ಟಿತ್ತು. ಪೆಟ್ರೋಲ್ ಇಳಿದ ಜಾಗಕ್ಕೆ ಗಾಳಿ ಬರದಿದ್ದರೆ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿಗೆ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಒಂದು ಪಿನ್ನು ಸಾಕಾಯಿತು.

ಬಿಸಿಲಿನ ಕಥೆಯೇ ಬೇರೆ. 20 ಲೀಟರ್ ಪೆಟ್ರೋಲಿನ ಬಿಸಿ 20 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಸುಮಾರು 400 ಮಿಲಿಲೀಟರ್ ಹಿಗ್ಗುತ್ತದೆ. ಕಂಠದವರೆಗೆ ತುಂಬಿಸಿದ್ದರೆ ಅದು ಹೋಗುವುದೆಲ್ಲಿಗೆ? 1930ರ ದಶಕದಲ್ಲಿ ಜರ್ಮನ್ ಸೈನ್ಯಕ್ಕಾಗಿ ರೂಪಿಸಿದ 20 ಲೀಟರಿನ ಕ್ಯಾನಿನಲ್ಲಿ ಇದಕ್ಕೆ ಉತ್ತರವಿದೆ. ಹಿಡಿಕೆಗಳ ಕೆಳಗೆ ಗಾಳಿಗೆಂದೇ ಜಾಗ ಬಿಟ್ಟಿದ್ದಾರೆ. ಪಕ್ಕದ ತಗಡಿಗೆ ಗುಣಿಸುವ ಗುರುತಿನ ಹಾಗೆ ಅಚ್ಚೊತ್ತಿದ್ದಾರೆ. ಅದರಿಂದ ತಗಡು ಗಟ್ಟಿಯಾಗುತ್ತದೆ, ಒಳಗಿನದು ಹಿಗ್ಗಿದಾಗ ಒಂದಿಷ್ಟು ಉಬ್ಬಲೂ ಬಲ್ಲದು. ಅಂಚುಗಳಿಗೆ ಗಟ್ಟಿ ವೆಲ್ಡಿಂಗ್. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ತೆಳು ತಗಡಿನ ಡಬ್ಬಿಗಳು ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಸೋರಿ ಸೋರಿ ಬರಿದಾಗುತ್ತಿದ್ದವು. ಅವರ ಸೈನಿಕರು ಜರ್ಮನರಿಂದ ಕೈಗೆ ಸಿಕ್ಕ ಕ್ಯಾನುಗಳನ್ನು ಬಿಡದೆ ಎತ್ತಿಟ್ಟುಕೊಳ್ಳುತ್ತಿದ್ದರು. ಜರ್ಮನರಿಗೆ ಅವರು ಇಟ್ಟಿದ್ದ ಅಡ್ಡಹೆಸರು ಜೆರಿ. ಹಾಗಾಗಿ ಅದು ಜೆರಿಕ್ಯಾನ್ ಆಯಿತು. ಕೊನೆಗೆ ಬ್ರಿಟನ್ ಕೂಡ ಅದನ್ನೇ ನೋಡಿಕೊಂಡು ತಯಾರಿಸತೊಡಗಿತು.